ಕುಂಬಳದ ಬೀಜವನ್ನು ಗೊಬ್ಬರಗುಂಡಿಗೆ ಹಾಕಬೇಡಿ

ಪುಣೆ,
ಏಪ್ರಿಲ್ 9

ತೀರ್ಥರೂಪ ಅಪ್ಪಯ್ಯನವರಿಗೆ ನಿಮ್ಮ ಕಿರಿಯ ಮಗಳು ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮವಾಗಿದ್ದೇವೆ. ನೀವು, ಅಮ್ಮ, ಅಕ್ಕ, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಮೊನ್ನೆ ಫೋನು ಮಾಡಿದಾಗ, ಭತ್ತದ ಕೊಯ್ಲಿನ ಮೇಲೆ ಗದ್ದೆಗೆ ಹಾಕಿದ ಸಿಹಿಗುಂಬಳ ಈ ಸಲ ಚೆನ್ನಾಗಿ ಬಿಟ್ಟಿದೆಯೆಂದೂ, ಸಾಗರದ ಪೇಟೆಯಲ್ಲಿ ಕೇಳುವ ದರಕ್ಕೆ ಸಾಗಣೆಯ ಖರ್ಚೂ ಹುಟ್ಟುವುದಿಲ್ಲವಾದ್ದರಿಂದ ಅರ್ಧದಷ್ಟನ್ನು ದನಗಳಿಗೆ ಹಾಕುವುದೇ ಸರಿಯೆಂದೂ ನೀವು ಹೇಳಿದಿರಿ. ಅಂದಿನಿಂದ ಆ ಮಾತು ನನ್ನ ಮನಸ್ಸಿನಲ್ಲೇ ಉಳಿದಿದೆ. ಫೋನಿನಲ್ಲಿ ಸಮಾಧಾನವಾಗಿ ಹೇಳಲಾಗದ್ದನ್ನು ಬರೆದು ತಿಳಿಸೋಣವೆಂದು ಕುಳಿತಿದ್ದೇನೆ.

ಇಲ್ಲಿಯ ಮಂಡಯಿಯಲ್ಲಿ, ಎಂದರೆ ತರಕಾರಿ ಮಾರುಕಟ್ಟೆಯಲ್ಲಿ, ನಮ್ಮ ಸಿಹಿಗುಂಬಳಕ್ಕೆ ಲಾಲ್ ಭೋಪಳಾ ಎಂದು ಹೆಸರು. ಇಡೀ ಕಾಯಿ ಕೊಳ್ಳುವವರು ಕಡಿಮೆ. ಹೋಳು ಮಾಡಿಟ್ಟು ತೂಗಿ ಮಾರುತ್ತಾರೆ, ಗಿರಾಕಿಗಳು ಒಳಗಿನ ಬಣ್ಣ ನೋಡಿ ಆರಿಸಿಕೊಳ್ಳುತ್ತಾರೆ. ಉಪವಾಸದ ದಿನ ತಿನ್ನಬಹುದಾದ ಕೆಲವೇ ತರಕಾರಿಗಳಲ್ಲಿ ಇದೂ ಒಂದಾದ್ದರಿಂದ ಏಕಾದಶಿ, ನವರಾತ್ರಿಗಳಲ್ಲಿ ಇದನ್ನು ಕೇಳಿಕೊಂಡು ಬರುವವರಿದ್ದಾರೆ. ನಮ್ಮ ಕೆಳಗಿನ ಮನೆಯ ಕಾಕೂ, ಎಂದರೆ ಚಿಕ್ಕಮ್ಮ, ಕುಂಬಳವನ್ನು ತುರಿದು ಬೆಲ್ಲದೊಡನೆ ಬೇಯಿಸಿ, ಅದು ಹಿಡಿಯುವಷ್ಟೇ ಗೋಧಿಹಿಟ್ಟು ಸೇರಿಸಿ ನಾದಿ, ಪೂರಿಯಂತೆ ತಟ್ಟಿ, ಮೇಲೆ ಗಸಗಸೆ ಒತ್ತಿ ಎಣ್ಣೆಯಲ್ಲಿ ಕರಿಯುತ್ತಾರೆ. ಅದಕ್ಕೆ ಘಾರ್ಗೆ ಎನ್ನುತ್ತಾರೆ. ಒಂದು ಹನಿ ನೀರನ್ನೂ ಹಾಕಬಾರದು, ತುರಿಯ ನೀರೇ ಸಾಕು ಎಂಬುದು ಅವರ ಕಟ್ಟುನಿಟ್ಟು. ಬಿಸಿಯಿರುವಾಗ ತುಪ್ಪ ಹಚ್ಚಿಕೊಂಡು ತಿಂದರೆ ಅಮ್ಮ ಮಾಡುವ ಮುಳಕ ನೆನಪಾಗುತ್ತದೆ. ಕುಂಬಳ ಬೇಯಿಸಿ ಮೊಸರಿನಲ್ಲಿ ಕಲಸುವ ಭರೀತವಂತೂ ನಾವು ಮೊಸರು ಹಾಕಿ ಮಾಡುವ ಸಾಸಿವೆ ಎಂಬ ಪದಾರ್ಥದ ಅಕ್ಕನೋ ತಂಗಿಯೋ ಇದ್ದಂತಿದೆ. ತೆಂಗಿನಕಾಯಿ ರುಬ್ಬಿ ಹಾಕುವುದಿಲ್ಲ, ಅಷ್ಟೇ ವ್ಯತ್ಯಾಸ.

ಆದರೆ ನಾನು ಪತ್ರ ಬರೆಯಲು ಕಾರಣ ಹಣ್ಣಲ್ಲ, ಬೀಜ. ನಮ್ಮ ಮನೆಯಲ್ಲಿ ಕುಂಬಳದ ಯಾವ ಭಾಗವೂ ಹಾಳಾಗುವುದಿಲ್ಲ. ಗಂಡು ಹೂವು ಬಜ್ಜಿಗೆ, ಎಳೆಯ ಕುಡಿ ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ, ಹೋಳು ಹುಳಿಗೆ, ದೋಸೆಗೆ, ಕಡುಬಿಗೆ. ಬೀಜವನ್ನು ಮಾತ್ರ ಬಿತ್ತನೆಗೆ ಒಂದು ಹಿಡಿ ಬೂದಿಯಲ್ಲಿ ಹೊರಳಿಸಿಟ್ಟು ಮಿಕ್ಕದ್ದನ್ನೆಲ್ಲ ಗೊಬ್ಬರಗುಂಡಿಗೆ ಎಸೆಯುತ್ತೇವೆ. ಇಲ್ಲಿ ಅದೇ ಬೀಜವನ್ನು ಹುರಿದು, ಪುದೀನ, ನಿಂಬೆ ಮೆಣಸು, ಚಾಟ್ ಮಸಾಲೆ, ಪೆರಿ ಪೆರಿ ಎಂಬ ಖಾರದ ಮಸಾಲೆ ಎಂದು ಬಗೆಬಗೆಯ ರುಚಿ ಕೊಟ್ಟು ಪೊಟ್ಟಣದಲ್ಲಿ ಮಾರುತ್ತಾರೆ. ನಮ್ಮ ಕಚೇರಿಯ ಪಕ್ಕದ ಅಂಗಡಿಯಲ್ಲಿ 100 ಗ್ರಾಮಿನ ಪೊಟ್ಟಣಕ್ಕೆ 150 ರೂಪಾಯಿ. ಸಂಜೆ ಚಹದ ಹೊತ್ತಿಗೆ ಚೂಡಾ, ಚಕ್ಕುಲಿಯ ಬದಲು ಇದನ್ನೇ ತಿನ್ನುವ ಗೆಳತಿಯರು ನನಗಿದ್ದಾರೆ. ಸಿಪ್ಪೆ ಸುಲಿದ 100 ಗ್ರಾಂ ಬೀಜದಲ್ಲಿ ಸುಮಾರು 30 ಗ್ರಾಂ ಪ್ರೋಟೀನ್ ಇದೆ. ಮೆಗ್ನೀಸಿಯಂ ಮತ್ತು ಸತುವೂ ಧಾರಾಳವಾಗಿವೆ. ಸುಮಾರು ಅರ್ಧ ಪಾಲು ಎಣ್ಣೆಯಾದ್ದರಿಂದ ಒಂದು ಹಿಡಿಗಿಂತ ಹೆಚ್ಚು ತಿನ್ನಬೇಕಿಲ್ಲ.

ಈ ಬಳ್ಳಿಯ ಮೂಲವೇ ಅಮೆರಿಕ ಖಂಡ. ಮೆಕ್ಸಿಕೋದ ಓಹಾಕಾ ಪ್ರಾಂತದ ಒಂದು ಗುಹೆಯಲ್ಲಿ ಸುಮಾರು 10,000 ವರ್ಷ ಹಳೆಯ ಕುಂಬಳದ ಬೀಜಗಳು ದೊರೆತಿವೆ. ಕಾಡು ಕುಂಬಳದ ತಿರುಳು ಬಾಯಿಗಿಡಲಾರದಷ್ಟು ಕಹಿಯಾದ್ದರಿಂದ, ಜನ ಮೊದಮೊದಲು ಅದನ್ನು ಬೆಳೆಸಿದ್ದು ಬೀಜಕ್ಕಾಗಿಯೇ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಇದನ್ನು ಓದಿದಾಗ, ನಾವು ಎಸೆಯುತ್ತಿರುವುದೇ ಆ ಜನ ಬಯಸಿದ್ದ ಭಾಗವಲ್ಲವೇ ಎಂದು ನನಗೆ ಬಹಳ ಹೊತ್ತು ಅನ್ನಿಸುತ್ತಿತ್ತು.

ಒಂದು ಮಾತನ್ನು ಮೊದಲೇ ತಿಳಿಸಬೇಕು. ಪೊಟ್ಟಣದಲ್ಲಿ ಕಾಣುವ ಹಸಿರು ಬೀಜದಂಥದ್ದು ನಮ್ಮ ಕಾಯಿಯಿಂದ ಸುಲಭವಾಗಿ ಸಿಗುವುದಿಲ್ಲ. ಆಸ್ಟ್ರಿಯಾ ದೇಶದ ಸ್ಟೀರಿಯಾ ಪ್ರಾಂತದ ಎಣ್ಣೆ ಕುಂಬಳದಂಥ ಕೆಲವು ತಳಿಗಳಲ್ಲಿ ಬೀಜಕ್ಕೆ ಗಟ್ಟಿ ಸಿಪ್ಪೆಯೇ ಇರುವುದಿಲ್ಲ. ಉಳಿದವುಗಳ ಸಿಪ್ಪೆಯನ್ನು ಯಂತ್ರದಿಂದ ಸುಲಿಯುತ್ತಾರೆ. ನಮ್ಮ ಬೀಜವನ್ನು ಸಿಪ್ಪೆಯೊಡನೆ ಗರಿಗರಿಯಾಗಿ ಹುರಿದು ಹಾಗೆಯೇ ಅಗಿಯಬೇಕು. ನನಗಂತೂ ಅದೇ ಹೆಚ್ಚು ಹಿಡಿಸಿತು.

ನಾನು ಮೂರು ಸಲ ಮಾಡಿ ನೋಡಿ ಕಲಿತ ಕ್ರಮವನ್ನು ಅಕ್ಕನಿಗೆ ಓದಿ ಹೇಳಿ. ಕಾಯಿ ಕೊಯ್ದ ಕೂಡಲೇ ಬೀಜವನ್ನು ನೀರಿನಲ್ಲಿ ಹಾಕಿ ಕೈಯಿಂದ ಹಿಸುಕಿದರೆ ನಾರು ಬಿಡುತ್ತದೆ. ಮರುದಿನಕ್ಕೆ ಬಿಟ್ಟರೆ ಲೋಳೆ ಅಂಟಿಕೊಂಡು ಕಷ್ಟವಾಗುತ್ತದೆ. ಆಮೇಲೆ ಉಪ್ಪುನೀರಿನಲ್ಲಿ ಹತ್ತು ನಿಮಿಷ ಕುದಿಸಬೇಕು. ಹೀಗೆ ಮಾಡದಿದ್ದರೆ ಉಪ್ಪು ಸಿಪ್ಪೆಯ ಮೇಲೆಯೇ ನಿಂತು ಒಳಗೆ ಸಪ್ಪೆಯಾಗುತ್ತದೆ. ಬಸಿದು, ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒಣಗಿಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಬೇಕು. ಚಟಪಟ ಸಿಡಿಯತೊಡಗಿ ಹೊಂಬಣ್ಣಕ್ಕೆ ತಿರುಗಿದಾಗ ಇಳಿಸಿ, ಬಿಸಿಯಿರುವಾಗಲೇ ಒಂದು ಚಮಚ ತುಪ್ಪ ಸವರಿ ಮಸಾಲೆ ಬೆರೆಸಬೇಕು. ಬಾಣಲೆಯಲ್ಲಿರುವಾಗಲೇ ಖಾರದ ಪುಡಿ ಹಾಕಿದರೆ ಅದು ಸೀದು ಕಹಿಯಾಗುತ್ತದೆ. ನನ್ನ ಮೊದಲ ಸಲದ ಬೀಜ ಹಾಗೆ ಹಾಳಾಯಿತು. ಪೆರಿ ಪೆರಿಯ ಅಗತ್ಯ ನಮಗಿಲ್ಲ. ಕಾಳುಮೆಣಸು ನಮ್ಮ ತೋಟದಲ್ಲೇ ಇದೆ, ಒಣಗಿಸಿ ಪುಡಿಮಾಡಿದ ಕರಿಬೇವು, ಇಂಗು, ಚೂರು ಅಮಸೂಲಿನ (ಒಣಗಿಸಿದ ಮುರುಗಲು ಸಿಪ್ಪೆಯ) ಪುಡಿ ಸೇರಿಸಿದರೆ ಅಂಗಡಿಯದಕ್ಕಿಂತ ಒಳ್ಳೆಯ ರುಚಿ ಬರುತ್ತದೆ. ಮಳೆಗಾಲದಲ್ಲಿ ಒಂದೇ ದಿನಕ್ಕೆ ಮೆತ್ತಗಾಗುವುದರಿಂದ ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಬೇಕು.

ಆದ್ದರಿಂದ, ಅಪ್ಪಯ್ಯ, ದನಕ್ಕೆ ಹಾಕುವ ಕಾಯಿಗಳ ಬೀಜವನ್ನಾದರೂ ತೆಗೆದಿಡಿ. ಚೆನ್ನಾಗಿ ಬಲಿತ ಕಾಯಿಗಳನ್ನು ತೊಟ್ಟು ಮುರಿಯದಂತೆ ಅಟ್ಟದಲ್ಲಿ ಒಂದಕ್ಕೊಂದು ತಾಗದ ಹಾಗೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲವೆಂದು ನನಗೆ ಕಲಿಸಿದವರು ನೀವೇ; ಇಂದೇ ಸಿಕ್ಕಿದ ದರಕ್ಕೆ ಕೊಡುವ ಅವಸರ ಬೇಡ. ರುಚಿ ನೋಡಿದಾಗ ಯಾವುದಾದರೂ ಕಾಯಿ ಕಹಿಯೆನಿಸಿದರೆ ಅದನ್ನೂ ಅದರ ಬೀಜವನ್ನೂ ಬಳಸಬೇಡಿ, ಬಿತ್ತನೆಗಂತೂ ಬೇಡವೇ ಬೇಡ. ಅಕ್ಕನ ಮಹಿಳಾ ಸಂಘದವರು ಮೊದಲು ಮನೆಮಟ್ಟಿಗೆ ಮಾಡಿ ನೋಡಲಿ. ಮಾರುವ ಯೋಚನೆ ಬಂದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಬೇಕಾಗುತ್ತದೆ, ಆ ಕಾಗದಪತ್ರಗಳ ಕೆಲಸವನ್ನು ನಾನು ಇಲ್ಲಿಂದಲೇ ನೋಡಿಕೊಳ್ಳುತ್ತೇನೆ.

ಮುಂದಿನ ತಿಂಗಳು ಭಾವ ಪುಣೆಗೆ ಬರುವಾಗ ಹುರಿದ ಬೀಜದ ಒಂದು ಡಬ್ಬಿಯನ್ನೂ, ಅಟ್ಟದ ಮೇಲಿನ ಒಂದು ಸಣ್ಣ ಕುಂಬಳವನ್ನೂ ಕಳುಹಿಸಿ. ಕುಂಬಳವನ್ನು ಕಾಕೂಗೆ ಕೊಡುವುದಾಗಿ ಮಾತು ಕೊಟ್ಟಿದ್ದೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು