ಸುಳ್ಳು ಎನ್ನುವುದಾದರೆ ಯಾವುದು, ಎಷ್ಟರ ಮಟ್ಟಿಗೆ?

ಮಾನ್ಯ ಸಂಪಾದಕರೇ,

ಕ್ರೈಸ್ತ ನಂಬಿಕೆಗಳ ಕುರಿತು ಈ ಅಂಕಣದಲ್ಲಿ ನಡೆದಿರುವ ಚರ್ಚೆಯಲ್ಲಿ ಸಂದೇಹವಾದಿಗಳ ಕಡೆಯಿಂದ 'ನೂರಕ್ಕೆ ನೂರು ಸುಳ್ಳು' ಎಂಬ ಮಾತು ಬಂದಿದೆ. ಸುಳ್ಳಾಗಿರುವ ಸಾಧ್ಯತೆಯೇ ಹೆಚ್ಚು ಎಂದು ನಾನೂ ಒಪ್ಪುತ್ತೇನೆ. ನನ್ನ ತಕರಾರು ಆ 'ನೂರಕ್ಕೆ ನೂರು' ಎಂಬುದರ ಮೇಲೆ.

ಮೊದಲಿಗೆ, ಕ್ರೈಸ್ತ ಧರ್ಮವೆಂಬುದು ಒಂದೇ ಹೇಳಿಕೆಯಲ್ಲ. ಬೈಬಲಿನಲ್ಲಿ ಒಂದೂ ತಪ್ಪಿಲ್ಲ ಎಂಬುದು ಒಂದು ಹೇಳಿಕೆ, ಯೇಸು ಎಂಬ ವ್ಯಕ್ತಿ ಇದ್ದ ಎಂಬುದು ಇನ್ನೊಂದು, ಅವನು ಸತ್ತು ಎದ್ದುಬಂದ (ಪುನರುತ್ಥಾನ) ಎಂಬುದು ಮಗದೊಂದು. ತ್ರಯೇಕತ್ವದಂಥ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ) ಸಿದ್ಧಾಂತಗಳು ಬೇರೆಯೇ. ಒಂದೊಂದಕ್ಕೂ ಪುರಾವೆ ಬೇರೆ, ಹಾಗಾಗಿ ಖಚಿತತೆಯೂ ಬೇರೆ.

ದೋಷರಹಿತ ಗ್ರಂಥ ಎಂಬ ಹೇಳಿಕೆಯನ್ನು ತಳ್ಳಿಹಾಕಲು ಹೆಚ್ಚು ಕಷ್ಟಪಡಬೇಕಿಲ್ಲ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳೇ ಸುವಾರ್ತೆಗಳು; ಮತ್ತಾಯ, ಮಾರ್ಕ, ಲೂಕ ಅವುಗಳಲ್ಲಿ ಮೂರು. ಮತ್ತಾಯನ ಪ್ರಕಾರ ಯೇಸು ಹುಟ್ಟಿದಾಗ ಆಳುತ್ತಿದ್ದವನು ಅರಸ ಹೆರೋದ. ಅವನು ತೀರಿಕೊಂಡದ್ದು ಕ್ರಿ.ಪೂ. 4ರಲ್ಲಿ ಎಂದು ಬಹುತೇಕ ಇತಿಹಾಸಕಾರರು ಹೇಳುತ್ತಾರೆ. ಲೂಕ ಆ ಜನನವನ್ನು ಸಿರಿಯಾದ ರೋಮನ್ ಅಧಿಪತಿ ಕುರೇನ್ಯನ ಕಾಲದ ಜನಗಣತಿಗೆ ಜೋಡಿಸುತ್ತಾನೆ. ಅದು ನಡೆದದ್ದು ಕ್ರಿ.ಶ. 6ರಲ್ಲಿ. ಇವೆರಡನ್ನೂ ಹೊಂದಿಸಲು ಆಗಿರುವ ಪ್ರಯತ್ನಗಳೆಲ್ಲ ಎಳೆದು ಕಟ್ಟಿದಂತಿವೆ. ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು (16:9–20) ನಾಲ್ಕನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ. ಈ ವಿಚಾರದಲ್ಲಿ ಸಂದೇಹವಾದಿ ಧೈರ್ಯವಾಗಿ ಮಾತಾಡಬಹುದು. ಆದರೆ ಜನಗಣತಿಯ ತಪ್ಪು ತೋರಿಸಿಕೊಟ್ಟರೆ ಬಿದ್ದುಹೋಗುವುದು ದೋಷರಹಿತತೆ ಮಾತ್ರ. ಪುನರುತ್ಥಾನದ ಪ್ರಶ್ನೆ ಇದ್ದಲ್ಲೇ ಇರುತ್ತದೆ. ಎಷ್ಟೋ ವಾದಗಳು ಜಾರುವುದು ಇಲ್ಲೇ.

ಯೇಸು ಇರಲೇ ಇಲ್ಲ ಎನ್ನುವವರ ಪಕ್ಷವಂತೂ ಬಹಳ ದುರ್ಬಲ. ಯಾಕೋಬನನ್ನು ಕರ್ತನ (ಅಂದರೆ ಯೇಸುವಿನ) ಸಹೋದರ ಎಂದು ಕರೆದು, ಅವನನ್ನು ಸ್ವತಃ ಕಂಡುಬಂದದ್ದನ್ನು ಆದಿ ಕ್ರೈಸ್ತ ಪ್ರಚಾರಕ ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಯೆಹೂದಿ ಇತಿಹಾಸಕಾರ ಜೋಸೆಫಸ್ ಸುಮಾರು ಕ್ರಿ.ಶ. 93ರಲ್ಲಿ ಅದೇ ಯಾಕೋಬನ ಕೊಲೆಯನ್ನು ದಾಖಲಿಸುತ್ತಾನೆ. ರೋಮನ್ ಅಧಿಪತಿ ಪಿಲಾತನ ಅಧಿಕಾರದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಸುಮಾರು 116ರಲ್ಲಿ ಬರೆದ. ಇನ್ನು, ಬೈಬಲಿನ ಪುಸ್ತಕಗಳನ್ನು 325ರಲ್ಲಿ ನಿಸಿಯಾದಲ್ಲಿ ನಡೆದ ಬಿಷಪ್ಪರ ಸಭೆಯಲ್ಲಿ ಮತ ಹಾಕಿ ಆರಿಸಿದರು ಎಂಬ ಮಾತನ್ನು ಸಂದೇಹವಾದಿಗಳೇ ಹಂಚುತ್ತಿರುತ್ತಾರೆ. ಆ ಸಭೆಯ 20 ನಿಯಮಗಳಲ್ಲಿ ಪುಸ್ತಕಗಳ ಪಟ್ಟಿಯ ಸುದ್ದಿಯೇ ಇಲ್ಲ. ಹೊಸ ಒಡಂಬಡಿಕೆಯ ಈಗಿನ 27 ಪುಸ್ತಕಗಳನ್ನೇ ಹೆಸರಿಸುವ, ನಮಗೆ ಸಿಕ್ಕಿರುವ ಮೊದಲ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಪತ್ರದ್ದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಚಾಳಿ ಭಕ್ತರಿಗಷ್ಟೇ ಮೀಸಲಲ್ಲ.

ಉಳಿದದ್ದು ತಿರುಳಿನ ಪ್ರಶ್ನೆ, ಪುನರುತ್ಥಾನ. ಇದಕ್ಕೆ ಅತಿ ಹಳೆಯ ಲಿಖಿತ ಸಾಕ್ಷ್ಯ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೇ ಅಧ್ಯಾಯ. ಶಿಲುಬೆಯ ಘಟನೆ ನಡೆದದ್ದು 30 ಅಥವಾ 33ರಲ್ಲಿ, ಪತ್ರ ಬರೆದದ್ದು ಸುಮಾರು 54ರಲ್ಲಿ. ಎದ್ದುಬಂದ ಯೇಸುವನ್ನು ಕಂಡವರ ಪಟ್ಟಿ ಅದರಲ್ಲಿದೆ. ತನಗೆ ಬಂದದ್ದನ್ನೇ ಒಪ್ಪಿಸುತ್ತಿದ್ದೇನೆ ಎಂದು ಅವನೇ ಹೇಳುವುದರಿಂದ ಆ ಪಟ್ಟಿ ಪತ್ರಕ್ಕಿಂತ ಹಳೆಯದು. ಅದರಲ್ಲಿ ಕೇಫ (ಅಂದರೆ ಪೇತ್ರ) ಇದ್ದಾನೆ, ಹನ್ನೆರಡು ಮಂದಿ ಶಿಷ್ಯರಿದ್ದಾರೆ, ಐನೂರಕ್ಕೂ ಹೆಚ್ಚು ಸಹೋದರರಿದ್ದಾರೆ, ಯಾಕೋಬನಿದ್ದಾನೆ. ಆದರೆ ಐನೂರು ಜನರ ಹೆಸರಿಲ್ಲ, ಊರಿಲ್ಲ. ಪೌಲ ಸ್ವತಃ ಕಂಡೆನೆಂದು ಹೇಳುವುದು ತನ್ನ ಅನುಭವವನ್ನು ಮಾತ್ರ. ಸ್ತ್ರೀಯರು ಖಾಲಿ ಸಮಾಧಿ ಕಂಡ ಕಥೆ ನಮಗೆ ಮೊದಲು ಸಿಗುವುದು ಸುಮಾರು 70ರಲ್ಲಿ ಬರೆದ ಮಾರ್ಕನಲ್ಲಿ. ಮಾರ್ಕನ ಸುಮಾರು 660 ವಚನಗಳಲ್ಲಿ 600ರಷ್ಟರ ಸಾಮಗ್ರಿ ಮತ್ತಾಯನಲ್ಲಿ ಮರುಕಳಿಸುತ್ತದೆ. ಲೂಕನೂ ಮಾರ್ಕನನ್ನು ಮುಂದಿಟ್ಟುಕೊಂಡೇ ಬರೆದವನು. ಹೀಗಿರುವಾಗ ನಾಲ್ಕು ಸುವಾರ್ತೆಗಳನ್ನು ನಾಲ್ಕು ಸ್ವತಂತ್ರ ಸಾಕ್ಷಿಗಳೆಂದು ಎಣಿಸಿ ಸಂಭವನೀಯತೆಗಳನ್ನು ಗುಣಿಸುವುದು ಲೆಕ್ಕದ ತಪ್ಪು. ತಲಾ ಹತ್ತು ಪಟ್ಟು ಬಲವಿರುವ ನಾಲ್ಕು ಸ್ವತಂತ್ರ ಸಾಕ್ಷಿಗಳು ಸೇರಿದರೆ ಹತ್ತು ಸಾವಿರ ಪಟ್ಟು. ಒಂದನ್ನು ನೋಡಿ ಬರೆದ ನಾಲ್ಕಾದರೆ ಹತ್ತಕ್ಕಿಂತ ಬಹಳ ಮೇಲೇರದು.

ಈಗ ಲೆಕ್ಕಕ್ಕೆ ಬರೋಣ. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ರಿಚರ್ಡ್ ಸ್ವಿನ್‌ಬರ್ನ್ 2003ರಲ್ಲಿ ಬೇಯ್ಸ್ ಸೂತ್ರ (ಪುರಾವೆ ಸಿಕ್ಕಾಗ ಮೊದಲಿನ ಅಂದಾಜನ್ನು ಎಷ್ಟು ಬದಲಿಸಬೇಕೆಂದು ಹೇಳುವ ಲೆಕ್ಕ) ಬಳಸಿ ಪುನರುತ್ಥಾನಕ್ಕೆ ಶೇ 97ರಷ್ಟು ಸಂಭವನೀಯತೆ ಕೊಟ್ಟರು. ದೇವರಿರುವ ಸಾಧ್ಯತೆ ಅರ್ಧ, ಇದ್ದರೆ ಮನುಷ್ಯನಾಗಿ ಬರುವ ಸಾಧ್ಯತೆ ಅರ್ಧ, ಒಟ್ಟು ಕಾಲು ಭಾಗ. ಅಂದರೆ ನಿಜದ ಪರ 1, ವಿರುದ್ಧ 3; ಪಣ 1ಕ್ಕೆ 3. ಇಂಥ ಪುರಾವೆ ಸಿಗುವ ಸಾಧ್ಯತೆ ಆ ಪಕ್ಷದಲ್ಲಿ ಹತ್ತರಲ್ಲಿ ಒಂದು, ಎದುರು ಪಕ್ಷದಲ್ಲಿ ಸಾವಿರದಲ್ಲಿ ಒಂದು. ಹೀಗಾಗಿ ಪುರಾವೆಯ ಬಲ ನೂರು ಪಟ್ಟು. ಗುಣಿಸಿದರೆ 100ಕ್ಕೆ 3, ಅಂದರೆ 103ರಲ್ಲಿ 100, ಅದೇ ಶೇ 97.

ಆ ನೂರು ಪಟ್ಟನ್ನು ಸಂದೇಹವಾದಿ ಹಾಗೇ ಒಪ್ಪಿಕೊಳ್ಳಲಿ. (ಒಪ್ಪಬೇಕಿಲ್ಲ; ಅಗಲಿದ ಆಪ್ತರು ಕಣ್ಣಿಗೆ ಕಂಡಂತಾಗುವ ಅನುಭವ ಅಷ್ಟೇನೂ ಅಪರೂಪವಲ್ಲ.) ಅಂಥ ದೇವರಿರುವ ಸಾಧ್ಯತೆ ನೂರರಲ್ಲಿ ಒಂದು, ಇದ್ದರೂ ಈ ಒಬ್ಬನನ್ನೇ ಹೀಗೆ ಎಬ್ಬಿಸುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದು ಎಂದು ಅವನು ಹೊರಟರೆ, ಆರಂಭದ ಅಂದಾಜು ಹತ್ತು ಲಕ್ಷದಲ್ಲಿ ಒಂದು. ನೂರು ಪಟ್ಟು ಹೆಚ್ಚಿಸಿದ ಮೇಲೂ ಅದು ಹತ್ತು ಸಾವಿರದಲ್ಲಿ ಒಂದಕ್ಕೆ ನಿಲ್ಲುತ್ತದೆ. ಸುಳ್ಳೆಂಬ ಖಚಿತತೆ ಶೇ 99.99. ಪುರಾವೆ ಇಬ್ಬರಿಗೂ ಒಂದೇ. ಜಗಳವಿಡೀ ಆರಂಭದ ಅಂದಾಜಿನದು.

ಆ ಅಂದಾಜಿಗೆ ಆಧಾರವೇನು? 'ಇದುವರೆಗೆ ಸತ್ತ ಕೋಟ್ಯಂತರ ಜನರಲ್ಲಿ ಯಾರೂ ಎದ್ದಿಲ್ಲ' ಎಂಬ ಉತ್ತರ ತಕ್ಷಣ ಬರುತ್ತದೆ. ಸತ್ತವರು ತಾವಾಗಿಯೇ ಏಳುವುದಿಲ್ಲ ಎಂಬುದಕ್ಕೆ ಅದು ಗಟ್ಟಿ ಪುರಾವೆ. ಭಕ್ತರ ವಾದವಾದರೋ ದೇವರು ಒಮ್ಮೆ, ಒಬ್ಬನ ವಿಷಯದಲ್ಲಿ ಕೈಹಾಕಿದ ಎಂಬುದು. ಆ ಎಣಿಕೆ ಇದನ್ನೂ ದುರ್ಬಲಗೊಳಿಸುತ್ತದೆ, ಆದರೆ ಅದೇ ಪ್ರಮಾಣದಲ್ಲಲ್ಲ. ಹಾಗಾಗಿ ದೇವರ ಪ್ರಶ್ನೆಯನ್ನೇ ತೂಗಬೇಕು: ಜಗತ್ತಿನ ನೋವು, ಪ್ರಾಮಾಣಿಕವಾಗಿ ಹುಡುಕಿದವರಿಗೂ ಸಿಗದ ದೇವರು, ಪವಾಡಗಳನ್ನು ಅಷ್ಟೇ ಭಕ್ತಿಯಿಂದ ಸಾರುವ ಬೇರೆ ಧರ್ಮಗಳು. ಇವು ಬಲವಾದ ವಾದಗಳೇ. ಆದರೆ ಇವು ತತ್ತ್ವಶಾಸ್ತ್ರದ ವಾದಗಳು. ಆ ಕ್ಷೇತ್ರದಲ್ಲಿ ಬುದ್ಧಿವಂತರು ಶತಮಾನಗಳಿಂದ ಎರಡೂ ಕಡೆ ನಿಂತಿದ್ದಾರೆ.

ಹಾಗಾದರೆ ಶೇ 99.99 ನಿಲ್ಲುತ್ತದೆಯೇ? ತನ್ನ ಆರಂಭದ ಅಂದಾಜೇ ಬುಡಸಮೇತ ತಪ್ಪಾಗಿರುವ ಸಾಧ್ಯತೆಯನ್ನು ನೂರರಲ್ಲಿ ಒಂದು ಎಂದಿಟ್ಟುಕೊಳ್ಳಲಿ. ತಪ್ಪಾಗಿದ್ದರೆ ಸರಿಯಾದ ಉತ್ತರ ಅರ್ಧದ ಆಸುಪಾಸು ಎನ್ನೋಣ. ಆಗ 0.01ನ್ನು 0.5ರಿಂದ ಗುಣಿಸಿದರೆ 0.005. ಉಳಿದ 0.99 ಭಾಗದಿಂದ ಬರುವುದು 0.0001 ಮಾತ್ರ. ಖಚಿತತೆ ಶೇ 99.5ಕ್ಕೆ ಇಳಿಯಿತು. ದಶಮಾಂಶದ ಮುಂದೆ ಒಂಬತ್ತುಗಳನ್ನು ಪೇರಿಸುವವರು ಮರೆಯುವುದು ಇದನ್ನೇ: ವಾದದಲ್ಲೇ ತಪ್ಪಿರುವ ಸಾಧ್ಯತೆ, ವಾದ ಕೊಡುವ ಅಂಕಿಗಿಂತ ಎಷ್ಟೋ ದೊಡ್ಡದು. ಸ್ವಿನ್‌ಬರ್ನರ 97ಕ್ಕೂ ಇದೇ ತಿದ್ದುಪಡಿ ಅನ್ವಯಿಸುತ್ತದೆ. ಅವರ ಆರಂಭದ ಕಾಲು ಭಾಗ ನನ್ನ ಮಟ್ಟಿಗಂತೂ ವಿಪರೀತ ಉದಾರ.

ನೂರಕ್ಕೆ ನೂರು ಎಂದರೆ ಗಣಿತದಲ್ಲಿ ಆರಂಭದ ಅಂದಾಜು ಸೊನ್ನೆ ಎಂದರ್ಥ. ಸೊನ್ನೆಯನ್ನು ಯಾವ ಪುರಾವೆಯಿಂದ ಗುಣಿಸಿದರೂ ಸೊನ್ನೆಯೇ. 1650ರಲ್ಲಿ ಇಂಗ್ಲೆಂಡಿನ ಸೇನಾನಾಯಕ ಆಲಿವರ್ ಕ್ರಾಮ್‌ವೆಲ್ ಸ್ಕಾಟ್ಲೆಂಡಿನ ಚರ್ಚಿಗೆ ಪತ್ರ ಬರೆದು, ನೀವು ತಪ್ಪಿರಬಹುದೆಂದು ಸ್ವಲ್ಪ ಯೋಚಿಸಿ ಎಂದು ಬೇಡಿಕೊಂಡಿದ್ದ. ಸೊನ್ನೆ ಬಳಸಬಾರದೆಂಬ ನಿಯಮವನ್ನು ಸಂಖ್ಯಾಶಾಸ್ತ್ರಜ್ಞರು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಇನ್ನು ಮುಂದೆ ಈ ಅಂಕಣಕ್ಕೆ ಶೇಕಡಾವಾರು ಬರೆದು ಕಳಿಸುವವರು, ಯಾವ ಕಡೆಯವರೇ ಆಗಲಿ, ಮೂರು ಅಂಕಿಗಳನ್ನು ಬಿಡಿಸಿ ಕೊಡಲಿ: ಪುರಾವೆ ನೋಡುವ ಮೊದಲಿನ ಅಂದಾಜು, ಪುರಾವೆಗೆ ಕೊಟ್ಟ ಬಲ, ತನ್ನ ವಾದವೇ ತಪ್ಪಿರುವ ಸಾಧ್ಯತೆ. ಆಗ ಓದುಗರಿಗೆ ಯಾವುದನ್ನು ಪ್ರಶ್ನಿಸಬೇಕೆಂದಾದರೂ ಗೊತ್ತಾಗುತ್ತದೆ.

ಇಂತಿ,
ಒಬ್ಬ ಓದುಗ