ಪುಟ್ಟ ದ್ವೀಪಗಳ ಒಗ್ಗಟ್ಟು ಸುದ್ದಿಯಾಗಲಿ

ಮಾನ್ಯ ಸಂಪಾದಕರೇ,

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮ ಪತ್ರಿಕೆಗಳಿಗೆ ಕ್ರಿಕೆಟ್ ಬಿಟ್ಟರೆ ಚಂಡಮಾರುತವಷ್ಟೇ ನೆನಪಾಗುತ್ತದೆ. ಅಲ್ಲಿನ ರಾಜಕೀಯ ಪ್ರಯೋಗವೂ ಗಮನಕ್ಕೆ ಅರ್ಹ.

ಆ ದ್ವೀಪಗಳನ್ನು ಒಂದೇ ದೇಶವಾಗಿಸಲು 1958ರಲ್ಲಿ ರಚನೆಯಾದ ಒಕ್ಕೂಟ ನಾಲ್ಕೇ ವರ್ಷಕ್ಕೆ ಮುರಿದುಬಿತ್ತು. ದೊಡ್ಡವಾದ ಜಮೈಕಾ, ಟ್ರಿನಿಡಾಡ್ ತಮ್ಮ ದಾರಿ ಹಿಡಿದವು. ಚಿಕ್ಕವು ಮಾತ್ರ ಕೈಚೆಲ್ಲಲಿಲ್ಲ. 1981ರಲ್ಲಿ ಏಳು ದ್ವೀಪಗಳು ಸೇಂಟ್ ಕಿಟ್ಸ್‌ನ ರಾಜಧಾನಿ ಬಾಸ್ಟೇರ್‌ನಲ್ಲಿ ಒಪ್ಪಂದ ಮಾಡಿಕೊಂಡು ಪೂರ್ವ ಕೆರಿಬಿಯನ್ ರಾಷ್ಟ್ರಗಳ ಸಂಘಟನೆ ಕಟ್ಟಿದವು. ಇಂದು ಆ ಏಳೂ ಸೇರಿ ಎಂಟು ದ್ವೀಪಗಳಿಗೆ ಒಂದೇ ಕೇಂದ್ರ ಬ್ಯಾಂಕ್, ಒಂದೇ ಡಾಲರ್. 1976ರಿಂದ ಅಮೆರಿಕದ ಒಂದು ಡಾಲರಿಗೆ ಅದರ ದರ 2.70, ಇದುವರೆಗೆ ಕದಲಿಲ್ಲ. ದೊಡ್ಡ ದೇಶಗಳಿಗೂ ಇದು ಸುಲಭವಲ್ಲ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಔಷಧ ಖರೀದಿ. ಲಕ್ಷ ಜನರೂ ಇಲ್ಲದ ಡೊಮಿನಿಕಾ ಒಂಟಿಯಾಗಿ ಇನ್ಸುಲಿನ್ ಕೊಳ್ಳಲು ಹೋದರೆ ಕಂಪನಿಗಳು ಹೇಳಿದ್ದೇ ಬೆಲೆ. ಎಲ್ಲ ದ್ವೀಪಗಳ ಬೇಡಿಕೆ ಒಟ್ಟುಗೂಡಿಸಿ ಒಂದೇ ಟೆಂಡರ್ ಕರೆದರೆ ಚೌಕಾಸಿಗೆ ಬಲ ಬರುತ್ತದೆ. 1980ರ ದಶಕದಿಂದಲೂ ಈ ವ್ಯವಸ್ಥೆ ನಡೆದಿದೆ. 2017ರಲ್ಲಿ ಮಾರಿಯಾ ಚಂಡಮಾರುತ ಅದೇ ಡೊಮಿನಿಕಾವನ್ನು ನೆಲಸಮ ಮಾಡಿದಾಗ, ಕೆರಿಬಿಯನ್ ದೇಶಗಳು ಕೂಡಿ ಕಟ್ಟಿಕೊಂಡ ವಿಮಾ ನಿಧಿ ಎರಡು ವಾರದೊಳಗೆ ಹಣ ಕೊಟ್ಟಿತು.

ಕೊರತೆಯೂ ಇದೆ. ಸದಸ್ಯ ದೇಶಗಳ ನಾಗರಿಕರು ಪರಸ್ಪರ ದ್ವೀಪಗಳಲ್ಲಿ ನೆಲೆಸಿ ದುಡಿಯಬಹುದು, ಸರಿ. ಆದರೆ ಪಕ್ಕದ ದ್ವೀಪಕ್ಕೆ ಹೋಗಲು ವಿಮಾನದ ಟಿಕೆಟ್ ದುಬಾರಿ. ಹಡಗು ಸಂಪರ್ಕ ಸುಧಾರಿಸದೆ ಈ ಹಕ್ಕು ಬಡವರಿಗೆ ದಕ್ಕುವುದಿಲ್ಲ. ಅಲ್ಲಿನ ಸರ್ಕಾರಗಳು ಮೊದಲು ಇದಕ್ಕೆ ಹಣ ತೆಗೆದಿಡಬೇಕು. ತಾವೂ ಈ ಕುರಿತು ವಿವರವಾದ ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ