ಹಳೆಯ ನಾಯಿ ರೇಸ್ ಮೈದಾನದ ಫಲಕಕ್ಕಾಗಿ ಮತ್ತೊಂದು ಮನವಿ

ಗೆ,
ಸ್ಥಳೀಯ ಕೌನ್ಸಿಲ್‌ನ ಅಧಿಕಾರಿಗಳು

ವಿಷಯ: ಲಂಡನ್‌ನ ವಾಲ್ತಮ್‌ಸ್ಟೋ ಸ್ಟೇಡಿಯಂನ ಇತಿಹಾಸ ಫಲಕ ಮತ್ತು ಇತರ ಬಾಕಿ ದೂರುಗಳು

ಮಾನ್ಯರೇ,

ನಮಸ್ಕಾರ. ಇಂಗ್ಲಿಷ್ ಪ್ರತಿ ಜೊತೆಗಿದೆ. ಮನೆಯ ಹಿರಿಯರೂ ಓದಿ ಸಹಿ ಹಾಕಲಿ ಎಂದು ಕನ್ನಡದಲ್ಲೂ ಬರೆದಿದ್ದೇವೆ.

ಚಿಂಗ್‌ಫರ್ಡ್ ರಸ್ತೆಯ ಫುಟ್‌ಪಾತ್‌ನಲ್ಲಿ ನಿಂತು ಓದುವಂಥ ಒಂದು ಫಲಕ ಕೇಳಿದ್ದೆವು. ಅಷ್ಟೇ. ‘ಪರಿಶೀಲನೆಯಲ್ಲಿದೆ’ ಎಂದಿರಿ. ಆಮೇಲೆ ಪಾರಂಪರಿಕ ಕಟ್ಟಡಗಳ ವಿಭಾಗಕ್ಕೆ ಹೋಗಿ ಎಂದಿರಿ. ಅವರು ರಸ್ತೆ ವಿಭಾಗ ತೋರಿಸಿದರು. ರಸ್ತೆಯವರು ಮೈದಾನದ ಜಾಗದಲ್ಲಿ ಮನೆ ಕಟ್ಟಿದವರನ್ನು ಕೇಳಿ ಎಂದರು. ಅವರು ಮತ್ತೆ ನಿಮ್ಮ ಹತ್ತಿರವೇ ಕಳಿಸಿದರು. ದೂರಿನ ನಂಬರ್ ಕೊಡುವುದರಲ್ಲಿ ಮಾತ್ರ ನೀವು ಬಹಳ ಚುರುಕು. ಒಂದು ದೂರನ್ನಂತೂ ‘ಬಗೆಹರಿದಿದೆ’ ಎಂದು ಮುಚ್ಚಿಬಿಟ್ಟಿರಿ. ಏನು ಬಗೆಹರಿಯಿತು, ಸ್ವಾಮಿ?

ಏನು ಬರೆಸಬೇಕೆಂದು ಗೊತ್ತಿಲ್ಲ ಎನ್ನಬೇಡಿ, ನಾವೇ ಹೇಳುತ್ತೇವೆ. ವಿಲಿಯಂ ಚಾಂಡ್ಲರ್ ಕಟ್ಟಿಸಿದ ಮೈದಾನವಿದು. 1933ರಲ್ಲಿ ಉದ್ಘಾಟಿಸಿದ್ದು ವಿಮಾನ ಹಾರಿಸಿ ಹೆಸರಾದ ಏಮಿ ಜಾನ್ಸನ್. 1945ರ ಚುನಾವಣೆಯಲ್ಲಿ ಇಲ್ಲಿ ಭಾಷಣಕ್ಕೆ ಬಂದ ಚರ್ಚಿಲ್‌ರನ್ನೇ ಜನ ಕೂಗಿ ಕಾಡಿದರು. ಹುಡುಗನಾಗಿದ್ದಾಗ ಫುಟ್‌ಬಾಲ್ ಆಟಗಾರ ಡೇವಿಡ್ ಬೆಕ್‌ಹ್ಯಾಮ್ ಇಲ್ಲಿ ಖಾಲಿ ಗ್ಲಾಸ್ ಎತ್ತುವ ಕೆಲಸ ಮಾಡಿದ್ದರು. ಆರು ನಾಯಿಗಳ ರೇಸು: ಒಂದನೇ ನಂಬರ್ ನಾಯಿಗೆ ಕೆಂಪು ಅಂಗಿ, ಎರಡನೆಯದಕ್ಕೆ ನೀಲಿ, ಆರನೆಯದಕ್ಕೆ ಕಪ್ಪು ಬಿಳಿ ಪಟ್ಟೆ. ಬೆಟ್ಟಿಂಗ್ ಲೆಕ್ಕ ತೋರಿಸುತ್ತಿದ್ದ ಆ ದೊಡ್ಡ ಟೋಟ್ ಬೋರ್ಡ್ ಮತ್ತು ಮುಂಬಾಗಿಲ ಕಟ್ಟಡಕ್ಕೆ ಪಾರಂಪರಿಕ ಕಟ್ಟಡವೆಂದು ಎರಡನೇ ದರ್ಜೆಯ ರಕ್ಷಣೆ ಸಿಕ್ಕಿದೆ. 2008ರ ಆಗಸ್ಟ್ 16ರಂದು ಕೊನೆಯ ರೇಸ್. ಉಳಿಸಿ ಎಂದು ಜನ ಹೋರಾಡಿದರೂ ಮೈದಾನ ಮನೆಗಳಾಯಿತು. ಆ ಮನೆಗಳಲ್ಲೇ ನಾವಿದ್ದೇವೆ, ಅದಕ್ಕೆ ನಮ್ಮ ತಕರಾರಿಲ್ಲ. ಜೂಜಿನ ಗುಣಗಾನವೂ ಬೇಡ. ಓಡಲಾರದ ನಾಯಿಗಳ ಗತಿ ಏನಾಗುತ್ತಿತ್ತು ಎಂಬ ಕಹಿ ಪ್ರಶ್ನೆಯೂ ಫಲಕದಲ್ಲಿರಲಿ. ಆದರೆ ಆ ಮುಂಬಾಗಿಲು ನೋಡಿ ಮಕ್ಕಳು ‘ಇದು ಸಿನಿಮಾ ಥಿಯೇಟರಾ?’ ಎಂದು ಕೇಳುವುದು ತಪ್ಪಲಿ.

ಇಷ್ಟು ಬರೆದ ಮೇಲೆ ಉಳಿದದ್ದೂ ಹೇಳಿಬಿಡುತ್ತೇವೆ. ನಡೆಯುವ ದಾರಿಯ ಎರಡು ದೀಪ ಕೆಟ್ಟಿವೆ. ಮಳೆ ಬಂದರೆ ಗೇಟಿನ ಹತ್ತಿರ ನೀರು ನಿಲ್ಲುತ್ತದೆ, ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡವರು ರಸ್ತೆಗಿಳಿಯಬೇಕು. ಇಷ್ಟು ವರ್ಷ ನಾಯಿಗಳೇ ಓಡಿದ ಜಾಗದಲ್ಲಿ ನಾಯಿ ಹೊಲಸು ಹಾಕಲು ಒಂದು ಡಬ್ಬಿ ಇಲ್ಲ. ಸಮೀಕ್ಷೆಗೆ ಜನ ಬಂದರು, ಫೋಟೋ ತೆಗೆದರು, ಹೋದರು. ಕೌನ್ಸಿಲ್ ತೆರಿಗೆಯ ನೋಟಿಸ್ ಮಾತ್ರ ಒಂದು ದಿನವೂ ತಡವಾಗುವುದಿಲ್ಲ, ಅಲ್ವಾ?

ಈ ಕೆಲಸಕ್ಕೆ ಹೊಣೆಯಾದ ಒಬ್ಬ ಅಧಿಕಾರಿಯ ಹೆಸರು ಮತ್ತು ಫಲಕ ನಿಲ್ಲಿಸುವ ತಾರೀಖನ್ನು ಬರಹದಲ್ಲಿ ಕೊಡಿ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬೇಡ. ಅದು ನಮ್ಮ ಹತ್ತಿರ ಬೇಕಾದಷ್ಟಿದೆ.

ಇಂತಿ,
ಹಳೆಯ ರೇಸ್ ಮೈದಾನದ ಕನ್ನಡಿಗ ನಿವಾಸಿಗಳು
(ಸಹಿಗಳು ಹಿಂಬದಿಯಲ್ಲಿ)